ಕಟ್ಟಿಕೊಂಡ ಡ್ರೈನ್ ಲೈನ್‌ಗೆ ಸ್ಪ್ರಿಂಗ್ ಮಷೀನ್: ಯಾವುದು ತಗೋಬೇಕು, ಹೇಗೆ ಬಿಡಬೇಕು

ಪ್ರಶ್ನೆ (ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ, ಮೈಸೂರು): ನಮಸ್ಕಾರ. ನಮ್ಮಲ್ಲಿ 48 ಮನೆಗಳಿವೆ. ಅಡುಗೆಮನೆಯ ಲೈನ್ ಎರಡು ಮೂರು ತಿಂಗಳಿಗೊಮ್ಮೆ ಕಟ್ಟಿಕೊಳ್ಳುತ್ತಿದೆ. ಸಿಂಕಿನಿಂದ 50 ಎಂಎಂ ಪೈಪು, ಡಕ್ಟ್‌ನಲ್ಲಿ ಇಳಿಯುವುದು 75 ಎಂಎಂ, ಬೇಸ್‌ಮೆಂಟ್ ಸೂರಿನ ಕೆಳಗೆ 110 ಎಂಎಂ ಆಗಿ ಸುಮಾರು 22 ಮೀಟರ್ ಮಲಗಿಕೊಂಡು ಹೋಗಿ ಹೊರಗಿನ ಚೇಂಬರ್ ಸೇರುತ್ತದೆ. ಪ್ರತಿ ಸಲ ಹೊರಗಿನವರನ್ನು ಕರೆಸುವ ಬದಲು ಪೈಪಿನೊಳಗೆ ಸ್ಪ್ರಿಂಗ್ ತಿರುಗಿಸಿ ಕಟ್ಟಿದ್ದನ್ನು ಬಿಡಿಸುವ ಕರೆಂಟ್ ಮಷೀನ್ ತಗೊಂಡು ನಮ್ಮ ಪ್ಲಂಬರ್ ಕೈಗೇ ಕೊಡೋಣ ಅಂತಿದ್ದೇವೆ. ಅಂಗಡಿಯಲ್ಲಿ ಡ್ರಮ್ ಒಳಗೆ ಕೇಬಲ್ ಇರುವುದೊಂದು, ತುಂಡು ತುಂಡು ಸ್ಪ್ರಿಂಗ್ ಜೋಡಿಸುವುದೊಂದು ತೋರಿಸಿದರು. ಯಾವುದು ಸರಿ?

ಉತ್ತರ (ಪ್ಲಂಬಿಂಗ್ ಕಂಟ್ರಾಕ್ಟರ್, ಬೆಂಗಳೂರು): ನಿಮ್ಮ 110ರ ಲೈನಿಗೆ ತುಂಡು ಸ್ಪ್ರಿಂಗಿನದೇ ಸರಿ ಸರ್. ಡ್ರಮ್ ಮಷೀನಿನಲ್ಲಿ ಇಡೀ ಕೇಬಲ್ ಡ್ರಮ್ಮಿನೊಳಗೆ ಸುತ್ತಿಕೊಂಡಿರುತ್ತದೆ. ಗಲೀಜು ಹೊರಗೆ ಚೆಲ್ಲುವುದಿಲ್ಲ, ಮನೆಯೊಳಗಿನ ಕೆಲಸಕ್ಕೆ ಅದು ಚೆನ್ನ. ಆದರೆ 20 ಮೀಟರ್ ದಾಟುವಷ್ಟು ದಪ್ಪ ಕೇಬಲ್ ತುಂಬಿದ ಡ್ರಮ್ಮನ್ನು ಮೆಟ್ಟಿಲು ಇಳಿಸಿ ಹತ್ತಿಸುವುದು ಕಷ್ಟ, ಒಳಗೆ ಕೇಬಲ್ ಎಲ್ಲೋ ಒಂದು ಕಡೆ ಮುರಿದರೆ ರಿಪೇರಿಯೂ ತಲೆನೋವು. ತುಂಡಿನದರಲ್ಲಿ ಕೆಟ್ಟ ತುಂಡು ತೆಗೆದಿಟ್ಟು ಬೇರೆಯದನ್ನು ಹಾಕಿದರೆ ಮುಗಿಯಿತು.

ಅಳತೆ ಹೀಗೆ ನೋಡಿ. 50 ಎಂಎಂ ಪೈಪಿಗೆ 8 ಅಥವಾ 10 ಎಂಎಂ ಕೇಬಲ್. 75ಕ್ಕೆ 16 ಎಂಎಂ ಸ್ಪ್ರಿಂಗ್. 110 ಮತ್ತು 160ಕ್ಕೆ 22 ಎಂಎಂ. 16ರ ಸ್ಪ್ರಿಂಗ್ 2.3 ಮೀಟರಿನ ತುಂಡುಗಳಲ್ಲಿ, 22ರದು 4.5 ಮೀಟರಿನ ತುಂಡುಗಳಲ್ಲಿ ಸಿಗುತ್ತದೆ. ನಿಮ್ಮ 22 ಮೀಟರಿಗೆ 22ರ ತುಂಡು ಐದಾದರೆ 22.5 ಮೀಟರ್. ಪೈಪಿನ ಬಾಯಿಯಿಂದ ಮಷೀನಿನವರೆಗಿನ ದೂರವೂ ಸೇರುವುದರಿಂದ ಆರು ತಗೊಳ್ಳಿ. 16ರದು ಆರೇಳು ತುಂಡು ಇದ್ದರೆ 75ರ ಕೆಲಸಕ್ಕೆ ಸಾಕು. ಎರಡೂ ದಪ್ಪದ ಸ್ಪ್ರಿಂಗ್ ಹಿಡಿಯುವ ಜಾ (ಸ್ಪ್ರಿಂಗನ್ನು ಕಚ್ಚಿ ತಿರುಗಿಸುವ ದವಡೆ) ಇರುವ ಮಷೀನನ್ನೇ ಕೇಳಿ ತಗೊಳ್ಳಿ, ಕೆಲವು ಮಾಡೆಲ್ 16 ಮಾತ್ರ ಹಿಡಿಯುತ್ತವೆ.

ಸಿಂಕಿನ 50ರ ಲೈನಿಗೆ ಇದನ್ನು ತರಲೇಬೇಡಿ. ಅಲ್ಲಿಗೆ ಕೈಯಲ್ಲಿ ಹಿಡಿಯುವ ಪುಟ್ಟ ಡ್ರಮ್, 8 ಎಂಎಂ ಕೇಬಲ್, ಏಳೆಂಟು ಮೀಟರ್ ಉದ್ದ ಸಾಕು. ದಪ್ಪ ಸ್ಪ್ರಿಂಗನ್ನು 50ರ ಎಲ್ಬೋದಲ್ಲಿ ತುರುಕಿದರೆ ಜಾಯಿಂಟೇ ಬಿಚ್ಚಿಕೊಳ್ಳುತ್ತದೆ.

ಪ್ರಶ್ನೆ (ಅದೇ ಕಾರ್ಯದರ್ಶಿ): ನಮ್ಮ ಪ್ಲಂಬರ್ ಇಷ್ಟು ದಿನ ಬಿದಿರಿನ ದಬ್ಬೆ ಹಾಕಿಯೇ ತಳ್ಳುತ್ತಿದ್ದವರು. ಮಷೀನ್ ಬಿಡುವ ಕ್ರಮ ಸ್ವಲ್ಪ ಬಿಡಿಸಿ ಹೇಳಿ.

ಉತ್ತರ (ಪ್ಲಂಬಿಂಗ್ ಕಂಟ್ರಾಕ್ಟರ್, ಬೆಂಗಳೂರು): ದಬ್ಬೆಯ ಅಭ್ಯಾಸ ಇದ್ದವರು ಮೊದಲು ಮರೆಯಬೇಕಾದದ್ದು ಜೋರಾಗಿ ನೂಕುವುದನ್ನು.

ಮಷೀನ್ ಮುಟ್ಟುವ ಮೊದಲು ಹೊರಗಿನ ಚೇಂಬರ್ ಮುಚ್ಚಳ ತೆಗೆದು ನೋಡಿ. ಚೇಂಬರ್ ತುಂಬಿ ನಿಂತಿದ್ದರೆ ಕಟ್ಟಿರುವುದು ಚೇಂಬರಿನಿಂದ ಆಚೆ, ಒಳಗೆ ಎಷ್ಟು ಸ್ಪ್ರಿಂಗ್ ಬಿಟ್ಟರೂ ವ್ಯರ್ಥ. ಚೇಂಬರ್ ಒಣಗಿದ್ದರೆ ಕಟ್ಟಿರುವುದು ನಿಮ್ಮ ಪೈಪಿನಲ್ಲಿ. ಈ ಎರಡು ನಿಮಿಷದ ಕೆಲಸ ಬಿಟ್ಟು ಅರ್ಧ ದಿನ ಕಳೆಯುವವರು ಬಹಳ ಜನ.

ಮಷೀನನ್ನು ಪೈಪಿನ ಬಾಯಿಗೆ ಎರಡಡಿಯೊಳಗೆ ಇಡಿ. ದೂರ ಇಟ್ಟಷ್ಟೂ ಬರಿಗಾಳಿಯಲ್ಲಿ ತಿರುಗುವ ಸ್ಪ್ರಿಂಗ್ ಜಾಸ್ತಿ, ಹೊಡೆಯುವುದೂ ಜಾಸ್ತಿ. ಮಷೀನಿನ ಹಿಂದೆ ಸ್ಪ್ರಿಂಗಿನ ಬಾಲ ಹಿಡಿದಿಡುವ ಗೈಡ್ ಪೈಪ್ ಹಾಕಿ, ಇಲ್ಲದಿದ್ದರೆ ಬಾಲ ಚಾಟಿಯಂತೆ ಬೀಸಿ ಗೋಡೆಗೆಲ್ಲ ಗಲೀಜು ಸಿಡಿಯುತ್ತದೆ. ಮೊದಲ ತುಂಡಿನ ತುದಿಗೆ ಆಗರ್ (ಕೊರೆಯುವ ಮೊನೆ) ಸಿಕ್ಕಿಸಿ, ಆಫ್ ಇರುವಾಗಲೇ ಕೈಯಲ್ಲಿ ಹೋಗುವಷ್ಟು ದೂರ ಒಳಗೆ ತಳ್ಳಿ. ಆಮೇಲೆ ಮೋಟರ್ ಆನ್. ಮೋಟರ್ ಓಡುತ್ತಿದ್ದರೂ ಹಿಡಿ ಎತ್ತಿರುವವರೆಗೆ ಸ್ಪ್ರಿಂಗ್ ತಿರುಗುವುದಿಲ್ಲ. ಮಷೀನಿನಿಂದ ಒಂದು ಗೇಣು ಸ್ಪ್ರಿಂಗ್ ಎಳೆದು ಸಣ್ಣ ಕಮಾನು ಮಾಡಿ, ಹಿಡಿಯನ್ನು ಕೆಳಕ್ಕೆ ಒತ್ತಿ. ಜಾ ಹಿಡಿದು ಸ್ಪ್ರಿಂಗ್ ತಿರುಗುತ್ತದೆ, ಕಮಾನು ತಾನೇ ಪೈಪಿನೊಳಗೆ ಇಳಿಯುತ್ತದೆ. ಹಿಡಿ ಎತ್ತಿ, ಮತ್ತೆ ಒಂದು ಗೇಣು. ಇದೇ ಲಯ.

ಪೈಪಿನಲ್ಲಿ ಸಣ್ಣಗೆ ನೀರು ಹರಿಯುತ್ತಿರಲಿ. ನೀರು ಬಾಯಿಗೆ ಬಂದು ನಿಂತಿದ್ದರೆ ಬೇಡ, ಮೊದಲು ತೂತಾಗಲಿ. ಎಷ್ಟನೇ ತುಂಡು ಎಂದು ಎಣಿಸುತ್ತಾ ಇರಿ. 22ರ ಮೂರನೇ ತುಂಡಿನ ಅರ್ಧದಲ್ಲಿ ತಡೆ ಸಿಕ್ಕಿತು ಎಂದರೆ ಸುಮಾರು 11 ಮೀಟರ್. ಪ್ರತಿ ಸಲ ಆ ಲೆಕ್ಕವನ್ನು ಒಂದು ಪುಸ್ತಕದಲ್ಲಿ ಬರೆದಿಡಿ, ಮುಂದೆ ಬೇಕಾಗುತ್ತದೆ.

ಪ್ರಶ್ನೆ (ಪ್ಲಂಬರ್, ದಾವಣಗೆರೆ): ಅಣ್ಣ, ಸ್ಪ್ರಿಂಗ್ ಕೆಲವೊಮ್ಮೆ ಬಾಯಿಯ ಹತ್ತಿರ ಎದ್ದು ಸುರುಳಿ ಬೀಳುತ್ತೆ, ಕೈಗೆ ಸುತ್ತಿಕೊಳ್ಳೋಕೆ ಬರುತ್ತೆ. ಯಾಕೆ ಹಾಗೆ?

ಉತ್ತರ (ಮಷೀನ್ ರಿಪೇರಿ ಮಾಡುವವರು, ಬೆಂಗಳೂರು): ಒಳಗೆ ತುದಿ ಕಚ್ಚಿಕೊಂಡು ನಿಂತಿದೆ, ಮೋಟರ್ ಮಾತ್ರ ತಿರುಗಿಸುತ್ತಲೇ ಇದೆ. ಈ ಮಷೀನುಗಳು ನಿಮಿಷಕ್ಕೆ 400ರಿಂದ 600 ಸುತ್ತು ತಿರುಗುತ್ತವೆ. 400 ಎಂದರೂ ಸೆಕೆಂಡಿಗೆ ಆರು ಸುತ್ತಿಗಿಂತ ಹೆಚ್ಚು. ತುದಿ ನಿಂತ ಮೇಲೆ ಎರಡು ಸೆಕೆಂಡ್ ತಡ ಮಾಡಿದರೆ ಹನ್ನೆರಡು ಹದಿಮೂರು ತಿರುವು ಸ್ಪ್ರಿಂಗಿನ ಮೈಯಲ್ಲಿ ಸೇರಿಕೊಂಡಿರುತ್ತದೆ. ಅದಕ್ಕೆ ಹೊರಬರಲು ಜಾಗ ಸಿಗುವುದು ಮಷೀನಿಗೂ ಬಾಯಿಗೂ ನಡುವಿನ ಆ ಎರಡಡಿಯಲ್ಲಿ, ಅಲ್ಲೇ ಎದ್ದು ಕುಣಿಕೆ ಬೀಳುತ್ತದೆ.

ಗುರುತು ಮೊದಲೇ ಸಿಗುತ್ತದೆ. ಸಲೀಸಾಗಿ ಇಳಿಯುತ್ತಿದ್ದ ಕಮಾನು ಇಳಿಯದೆ ಒಂದು ಪಕ್ಕಕ್ಕೆ ವಾಲುತ್ತದೆ, ಕೈಯಲ್ಲಿ ಬಿಗಿತ ಗೊತ್ತಾಗುತ್ತದೆ, ಮೋಟರಿನ ಸದ್ದು ಭಾರವಾಗುತ್ತದೆ. ಆ ಕ್ಷಣಕ್ಕೇ ಹಿಡಿ ಎತ್ತಬೇಕು. ಎತ್ತಿದಾಗ ಸೇರಿದ ತಿರುವು ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಆಮೇಲೆ ಒಂದು ಗೇಣು ಹಿಂದಕ್ಕೆಳೆದು ಮೆಲ್ಲಗೆ ಮತ್ತೆ ಮುಟ್ಟಿಸಿ. ಗಟ್ಟಿಯಾದದ್ದನ್ನು ಹತ್ತು ಸಲ ಮುಟ್ಟಿ ಕೊರೆಯಬೇಕು, ಒಂದೇ ಸಲ ನುಗ್ಗಿಸಬಾರದು.

ತೊಗಲಿನ ಕೈಗವಸೇ ಹಾಕಿ, ಗಲೀಜು ತಾಕದಿರಲು ಬೇಕಿದ್ದರೆ ಅದರೊಳಗೆ ತೆಳು ರಬ್ಬರಿನದು. ಬಟ್ಟೆಯ ಗ್ಲೌಸ್, ಕೈಗೆ ಸುತ್ತಿಕೊಂಡ ಚಿಂದಿ ಎರಡೂ ಸ್ಪ್ರಿಂಗಿನ ಸುತ್ತಿನಲ್ಲಿ ಸಿಕ್ಕಿ ಕೈಯನ್ನೇ ಒಳಗೆ ಎಳೆಯುತ್ತವೆ. ಹೆಗಲ ಮೇಲಿನ ಟವೆಲ್, ಕೈಕಡಗ, ತುಂಬುತೋಳಿನ ಸಡಿಲ ಅಂಗಿ ಬೇಡ. ಡ್ರಿಲ್ಲಿಗೆ ಸಿಕ್ಕಿಸುವ ಅಗ್ಗದ ಸ್ಪ್ರಿಂಗ್ ಸಿಗುತ್ತದಲ್ಲ, ಅದರಲ್ಲಿ ಹಿಡಿ ಎತ್ತಿದರೆ ಬಿಡುವ ಕ್ಲಚ್ಚೇ ಇಲ್ಲ, ಡ್ರಿಲ್ಲಿನ ವೇಗವೂ ವಿಪರೀತ. ಮಣಿಕಟ್ಟು ತಿರುಚಿಕೊಳ್ಳುವುದು ಅದರಲ್ಲೇ ಜಾಸ್ತಿ.

ಪ್ರಶ್ನೆ (ಅದೇ ಪ್ಲಂಬರ್): ಸಿಕ್ಕಿಹಾಕಿಕೊಂಡರೆ ರಿವರ್ಸ್ ಕೊಡಬಹುದಾ?

ಉತ್ತರ (ಮಷೀನ್ ರಿಪೇರಿ ಮಾಡುವವರು): ಬಿಡಿಸಿಕೊಳ್ಳುವುದಕ್ಕೆ ಮಾತ್ರ, ಒಂದೆರಡು ಸೆಕೆಂಡು. ಮೋಟರ್ ಪೂರ್ತಿ ನಿಂತ ಮೇಲೆ ಸ್ವಿಚ್ ಬದಲಿಸಿ, ಕೈಯಲ್ಲಿ ಎಳೆಯುತ್ತಾ ಕೊಡಿ. ಸ್ಪ್ರಿಂಗನ್ನು ಸುತ್ತಿರುವ ದಿಕ್ಕು ಮುಂದಕ್ಕೆ ತಿರುಗಿದಾಗ ಬಿಗಿಯಾಗುವ ಹಾಗಿದೆ. ರಿವರ್ಸಿನಲ್ಲಿ ಕೆಲಸ ಮಾಡಿಸಿದರೆ ಸುತ್ತು ಬಿಚ್ಚಿ ಸ್ಪ್ರಿಂಗ್ ಉಬ್ಬುತ್ತದೆ, ಆಮೇಲೆ ಅದು ಯಾವ ಜಾದಲ್ಲೂ ಕೂರುವುದಿಲ್ಲ. ಹಾಗೂ ಬಿಡದಿದ್ದರೆ ತುಂಡುಗಳ ಲೆಕ್ಕದಲ್ಲಿ ಜಾಗ ಗುರುತಿಸಿ ಅಲ್ಲೇ ಪೈಪ್ ಬಿಚ್ಚಬೇಕು. ಇನ್ನೊಂದು ಮಾತು: ಸೆಪ್ಟಿಕ್ ಟ್ಯಾಂಕ್ ಅಥವಾ ದೊಡ್ಡ ಚೇಂಬರಿನ ಒಳಕ್ಕೆ ಸ್ಪ್ರಿಂಗ್ ನುಗ್ಗಲು ಬಿಡಬೇಡಿ. ಖಾಲಿ ಜಾಗದಲ್ಲಿ ಅದು ತನ್ನ ಮೇಲೇ ಸುತ್ತಿಕೊಂಡು ಗಂಟಾಗುತ್ತದೆ, ಗಂಟು 110ರಲ್ಲಿ ವಾಪಸ್ ಬರುವುದಿಲ್ಲ.

ಪ್ರಶ್ನೆ (ಹೋಟೆಲ್ ನಡೆಸುವವರು, ತುಮಕೂರು): ನಮ್ಮದು ಪೂರ್ತಿ ಜಿಡ್ಡು. ಸ್ಪ್ರಿಂಗ್ ಬಿಟ್ಟ ದಿನ ನೀರು ಹೋಗುತ್ತೆ, ಹತ್ತು ದಿನಕ್ಕೆ ಮತ್ತೆ ಅದೇ ಕಥೆ.

ಉತ್ತರ (ಪ್ಲಂಬಿಂಗ್ ಕಂಟ್ರಾಕ್ಟರ್): ಮೊನಚು ಆಗರ್ ಮಾತ್ರ ಬಿಟ್ಟಿರುತ್ತಾರೆ. ಅದು ಜಿಡ್ಡಿನ ನಡುವೆ ಹೆಬ್ಬೆರಳು ದಪ್ಪದ ತೂತು ಮಾಡಿ ಬರುತ್ತದೆ, ಸುತ್ತಲಿನ ಬಿಳಿ ಗಡ್ಡೆ ಹಾಗೇ ಇರುತ್ತದೆ. ಎಣ್ಣೆ, ಸೋಪು, ಗಡಸು ನೀರಿನ ಸುಣ್ಣ ಸೇರಿ ಮೇಣದ ಹಾಗೆ ಗಟ್ಟಿಯಾದದ್ದು ಅದು. ತೂತಾದ ಮೇಲೆ ಆಗರ್ ಬಿಚ್ಚಿ, ಸಿ ಆಕಾರದ ಗ್ರೀಸ್ ಕಟರ್ ಹಾಕಿ ಎರಡನೇ ಸಲ ಬಿಡಬೇಕು. ಕಟರ್ ಪೈಪಿಗಿಂತ ಒಂದಿಂಚು ಸಣ್ಣದಿರಲಿ, 4 ಇಂಚಿನ (110 ಎಂಎಂ) ಪೈಪಿಗೆ 3 ಇಂಚಿನದು. ಅದು ಗೋಡೆ ಕೆರೆಯುತ್ತದೆ. ಜೊತೆಗೇ ಧಾರಾಳ ನೀರು ಬಿಡಿ, ಕೆರೆದದ್ದು ಮುಂದೆ ಹೋಗಿ ಇನ್ನೊಂದು ಕಡೆ ಕೂರಬಾರದು. ಬಿಸಿನೀರು ಸುರಿದರೆ ಜಿಡ್ಡು ಕರಗಿ ತಣ್ಣಗಿರುವ ಜಾಗಕ್ಕೆ ಹೋಗಿ ಮತ್ತೆ ಹೆಪ್ಪುಗಟ್ಟುತ್ತದೆ ಅಷ್ಟೇ.

ಹೋಟೆಲಿನ ಉದ್ದ ಲೈನಿಗೆ ನನ್ನ ಸಲಹೆ ಜೆಟ್ಟಿಂಗ್, ಅಂದರೆ ಜೋರು ಒತ್ತಡದ ನೀರು ಬಿಟ್ಟು ತೊಳೆಯುವುದು, ಹಿಮ್ಮುಖ ತೂತುಗಳಿರುವ ನಾಝಲ್ ಹಾಕಿ. ಸ್ಪ್ರಿಂಗ್ ಬಟ್ಟೆ, ಬೇರು, ನಾರು ಇಂಥದ್ದಕ್ಕೆ ರಾಜ. ಜಿಡ್ಡು ಮತ್ತು ಮರಳನ್ನು ತೊಳೆದು ತೆಗೆಯುವುದು ನೀರಿನ ಒತ್ತಡವೇ. ಗ್ರೀಸ್ ಟ್ರ್ಯಾಪ್ (ಜಿಡ್ಡನ್ನು ತಡೆದು ಹಿಡಿಯುವ ತೊಟ್ಟಿ) ಇಲ್ಲದಿದ್ದರೆ ಮೊದಲು ಅದನ್ನು ಕಟ್ಟಿಸಿ. ಪೈಪಿನಲ್ಲಿ ಸಿಮೆಂಟ್ ಹಾಲು ಗಟ್ಟಿಯಾಗಿದ್ದರೆ ಮಷೀನ್ ಬಿಡುವ ಯೋಚನೆಯೇ ಬೇಡ, ಸಿಮೆಂಟಿಗಿಂತ ಮೊದಲು ಪಿವಿಸಿ ಪೈಪೇ ಸೀಳುತ್ತದೆ. ಆ ತುಂಡು ಕತ್ತರಿಸಿ ಬೇರೆ ಹಾಕಬೇಕು.

ಪ್ರಶ್ನೆ (ಹುಬ್ಬಳ್ಳಿ): ನಮ್ದು ಹಳೇ ಮನಿರಿ, 4 ಇಂಚಿನ ಸ್ಟೋನ್‌ವೇರ್ (ಸುಟ್ಟ ಮಣ್ಣಿನ) ಪೈಪ್ ಐತಿ. ಬಾಜೂಕ ಅರಳಿಗಿಡ. ಬೇರು ಹೊಕ್ಕಾವ ಅಂತ ಹೇಳ್ತಾರ. ಮಷೀನ್‌ಲೆ ಕತ್ತರಿಸಬಹುದೇನ್ರಿ?

ಉತ್ತರ (ಪ್ಲಂಬಿಂಗ್ ಕಂಟ್ರಾಕ್ಟರ್): ಆಗುತ್ತೆ ಸರ್, ಹಂತ ಹಂತವಾಗಿ. 22ರ ಸ್ಪ್ರಿಂಗ್, ಮೊದಲು ಆಗರ್ ಬಿಟ್ಟು ನೀರು ಹೋಗುವಷ್ಟು ದಾರಿ, ಆಮೇಲೆ ಎರಡೂವರೆ ಇಂಚಿನ ಕಟರ್, ಕೊನೆಗೆ 3 ಇಂಚಿನದು. ಮೊದಲಿಗೇ ದೊಡ್ಡ ಕಟರ್ ಬಿಟ್ಟರೆ ಬೇರಿನ ಜಡೆಯಲ್ಲಿ ಕಚ್ಚಿಕೊಳ್ಳುತ್ತದೆ. ಸ್ಟೋನ್‌ವೇರ್ ಗಿಡ್ಡ ಪೈಪುಗಳ ಸಾಲು. ಒಂದೊಂದು ಜಾಯಿಂಟಿನ ಗಾರೆ ಬಿರುಕಿನಲ್ಲೂ ಬೇರು ಇರಬಹುದು, ಹಾಗಾಗಿ ಒಂದು ಕಡೆ ಬಿಟ್ಟುಕೊಂಡಿತು ಎಂದು ನಿಲ್ಲಿಸದೆ ಚೇಂಬರಿನವರೆಗೆ ಹೋಗಿ.

ಕಟರ್ ಹೊರಗೆ ಬಂದಾಗ ಅದರ ಹಲ್ಲು ನೋಡಿ. ಕೂದಲಿನಂಥ ಕಂದು ಬೇರು ಮಾತ್ರ ಇದ್ದರೆ ಸರಿ. ಹಸಿ ಮಣ್ಣು, ಪೈಪಿನ ಚೂರು ಬಂದರೆ ಪೈಪ್ ಒಡೆದಿದೆ, ಅಲ್ಲಿಗೇ ನಿಲ್ಲಿಸಿ ಅಗೆಯಿರಿ. ಕತ್ತರಿಸಿದ ಬೇರು ಮತ್ತೆ ಬರುವುದು ಖಂಡಿತ, ಒಂದು ಬೇಸಿಗೆಯಲ್ಲಿ ಆ ಭಾಗವನ್ನು ಪಿವಿಸಿಗೆ ಬದಲಾಯಿಸುವ ಲೆಕ್ಕ ಇಟ್ಟುಕೊಳ್ಳಿ.

ಪ್ರಶ್ನೆ (ಗೃಹಿಣಿ, ಶಿವಮೊಗ್ಗ): ಕಮೋಡ್ ಕಟ್ಟಿದೆ. ನಿನ್ನೆ ರಾತ್ರಿ ಡ್ರೈನ್ ಕ್ಲೀನರ್ ಪುಡಿ ಹಾಕಿದ್ದೇವೆ, ಹೋಗಿಲ್ಲ. ಮಷೀನಿನವರು ನಾಳೆ ಬರುತ್ತಾರೆ.

ಉತ್ತರ (ಮಷೀನ್ ರಿಪೇರಿ ಮಾಡುವವರು): ಮೇಡಂ, ಪುಡಿ ಹಾಕಿದ ವಿಷಯವನ್ನು ಅವರಿಗೆ ಈಗಲೇ ಫೋನ್ ಮಾಡಿ ಹೇಳಿ. ಆ ಪುಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಕಾಸ್ಟಿಕ್ ಸೋಡಾ. ನಿಂತ ನೀರಿನಲ್ಲಿ ಅದು ಹಾಗೇ ಇರುತ್ತದೆ, ಸ್ಪ್ರಿಂಗ್ ತಿರುಗಿದ ಕೂಡಲೇ ಹನಿ ಸಿಡಿದು ಕಣ್ಣಿಗೆ ಬಿದ್ದರೆ ಕಣ್ಣು ಹೋಗಬಹುದು. ಅದರ ಮೇಲೆ ಆಸಿಡ್ ಸುರಿಯಬೇಡಿ, ಕುದಿದು ಉಕ್ಕುತ್ತದೆ. ಆಸಿಡ್ಡಿಗೆ ಬ್ಲೀಚಿಂಗ್ ಪೌಡರ್ ಸೇರಿದರಂತೂ ಕ್ಲೋರಿನ್ ಅನಿಲ ಏಳುತ್ತದೆ.

ಕಮೋಡಿನ ಬಾಯಿಂದ ಮಷೀನ್ ಸ್ಪ್ರಿಂಗ್ ಬಿಡಲು ಒಪ್ಪಬೇಡಿ. ಒಳಗಿನ ಪಿಂಗಾಣಿ ತಿರುವಿಗೆ ಕಬ್ಬಿಣ ಹೊಡೆದು ಗೀರು ಬೀಳುತ್ತದೆ, ಸೀಳಲೂಬಹುದು. ತುದಿಗೆ ರಬ್ಬರ್ ಕವಚ ಇರುವ, ಕೈಯಲ್ಲಿ ತಿರುಗಿಸುವ ಕ್ಲಾಸೆಟ್ ಆಗರ್ ಇದೆ, ಅದು ಮೂರಡಿಯಷ್ಟು ಹೋಗುತ್ತದೆ. ಅದಕ್ಕೂ ಬಗ್ಗದಿದ್ದರೆ ಹೊರಗಿನ ಚೇಂಬರಿನಿಂದ ಬಿಡಲಿ, ಇಲ್ಲವೇ ಕಮೋಡ್ ಬಿಚ್ಚಲಿ.

ಪ್ರಶ್ನೆ (ಕಾರ್ಯದರ್ಶಿ, ಮೈಸೂರು): ಕರೆಂಟ್ ವಿಷಯ? ನೆಲವೆಲ್ಲ ನೀರಿರುತ್ತದೆ. ಮತ್ತೆ ಚೇಂಬರಿಗೆ ಯಾರಾದರೂ ಇಳಿಯಬೇಕಾಗುತ್ತದೆಯೇ?

ಉತ್ತರ (ಮಷೀನ್ ರಿಪೇರಿ ಮಾಡುವವರು): ಮೂರು ಪಿನ್ನಿನ ಪ್ಲಗ್, ಅರ್ತ್ ಇರುವ ಸಾಕೆಟ್, ಅದಕ್ಕೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇರಲೇಬೇಕು. ಆನ್ ಮಾಡುವ ಮೊದಲು ಅದರ ಟೆಸ್ಟ್ ಬಟನ್ ಒತ್ತಿ, ಬೀಳದಿದ್ದರೆ ಆ ಸಾಕೆಟ್ ಬೇಡ. ಎಕ್ಸ್‌ಟೆನ್ಶನ್ ವೈರು 1.5 ಚದರ ಎಂಎಂ ಮೂರು ಎಳೆಯದು, ಜೋಡಣೆ ನೀರಿನಿಂದ ಮೇಲೆ. ಕಾಲಿಗೆ ಗಮ್ ಬೂಟು. ಫುಟ್ ಸ್ವಿಚ್ ಇರುವ ಮಾಡೆಲ್ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನೇ ತಗೊಳ್ಳಿ, ಕಾಲು ತೆಗೆದರೆ ನಿಲ್ಲುತ್ತದೆ.

ಚೇಂಬರಿಗೆ ಇಳಿಸುವ ಮಾತೇ ಬೇಡ ಸರ್. ಮ್ಯಾನ್‌ಹೋಲಿಗಾಗಲಿ ಸೆಪ್ಟಿಕ್ ಟ್ಯಾಂಕಿಗಾಗಲಿ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯಲ್ಲಿ ಅಪರಾಧ, ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಒಳಚರಂಡಿ ಸಾವಿಗೆ 30 ಲಕ್ಷ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಅಲ್ಲಿನ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದೆ ಹೋಗುತ್ತದೆ, ಇಳಿದವನಿಗೆ ಕೂಗಲೂ ಸಮಯ ಸಿಗುವುದಿಲ್ಲ. ಸ್ಪ್ರಿಂಗ್ ಮೇಲಿನಿಂದಲೇ ಹೋಗಬೇಕು. ಹೋಗದಿದ್ದರೆ ಜೆಟ್ಟಿಂಗ್ ಗಾಡಿ ಕರೆಸಿ.

ಕೆಲಸ ಮುಗಿದ ಮೇಲೆ ಸ್ಪ್ರಿಂಗ್ ತೊಳೆದು, ಬಿಸಿಲಿಗೆ ಒಣಗಿಸಿ, ಎಣ್ಣೆ ಬಟ್ಟೆಯಲ್ಲಿ ಒರೆಸಿ ಬುಟ್ಟಿಯಲ್ಲಿ ಸುತ್ತಿಡಿ. ಹಾಗೇ ಬಿಟ್ಟರೆ ಸುತ್ತುಗಳ ನಡುವೆ ತುಕ್ಕು ಹಿಡಿದು ಮುಂದಿನ ಸಲ ಒಳಗೇ ಮುರಿಯುತ್ತದೆ. ಡೊಂಕಾದ ಸ್ಪ್ರಿಂಗನ್ನು ನೇರ ಮಾಡಿ ಬಳಸಬೇಡಿ, ಮತ್ತೆ ಅಲ್ಲೇ ಮಡಚುತ್ತದೆ. ತುಂಡುಗಳನ್ನು ಜೋಡಿಸುವ ಕಪ್ಲಿಂಗಿನ ಪಿನ್ ಒತ್ತಿ ಬಿಟ್ಟಾಗ ಟಕ್ಕನೆ ಮೇಲೇಳಬೇಕು.

ಪ್ರಶ್ನೆ (ಕಾರ್ಯದರ್ಶಿ): ಕೊನೆಯದು. ನಮ್ಮ 22 ಮೀಟರಿನಲ್ಲಿ ಎಲ್ಲೂ ಬಾಯಿ ಇಲ್ಲ. ಸ್ಪ್ರಿಂಗ್ ಎಲ್ಲಿಂದ ಬಿಡುವುದು?

ಉತ್ತರ (ಪ್ಲಂಬಿಂಗ್ ಕಂಟ್ರಾಕ್ಟರ್): ಸದ್ಯಕ್ಕೆ ಚೇಂಬರಿನಿಂದ ಮೇಲ್ಮುಖವಾಗಿ. ತೂತಾದಾಗ ನಿಂತ ನೀರೆಲ್ಲ ಒಮ್ಮೆಗೇ ನಿಮ್ಮ ಕಡೆ ನುಗ್ಗುತ್ತದೆ, ಪಕ್ಕಕ್ಕೆ ನಿಂತು ಮಾಡಬೇಕು. ಮುಂದಕ್ಕೆ 75ರ ಲೈನ್ 110ಕ್ಕೆ ತಿರುಗುವಲ್ಲಿ ಡೋರ್ ಬೆಂಡ್, ನಡುವೆ ಒಂದು ಡೋರ್ ಟೀ (ತೆರೆಯುವ ಮುಚ್ಚಳ ಇರುವ ಬೆಂಡ್, ಟೀ) ಹಾಕಿಸಿ.

ಆದರೆ ಎರಡು ಮೂರು ತಿಂಗಳಿಗೊಮ್ಮೆ ಕಟ್ಟುತ್ತದೆ ಎಂದಿರಲ್ಲ, ಅದಕ್ಕೆ ಮಷೀನ್ ಔಷಧಿ ಅಲ್ಲ. ನೀರಿನ ಲೆವೆಲ್ ಟ್ಯೂಬ್ ಹಿಡಿದು ಇಳಿಜಾರು ನೋಡಿ. 4 ಇಂಚಿನ ಪೈಪಿಗೆ ಹಳೆಯ ಲೆಕ್ಕ 40ಕ್ಕೆ 1, ಅಂದರೆ 22 ಮೀಟರಿಗೆ 55 ಸೆಂಟಿಮೀಟರ್. ಬೇಸ್‌ಮೆಂಟಿನಲ್ಲಿ ಅಷ್ಟು ಎತ್ತರ ಸಿಗದೆ 60ಕ್ಕೆ 1 ಮಾಡಿದ್ದರೂ 37 ಸೆಂಟಿಮೀಟರ್ ಇಳಿದಿರಬೇಕು. ಸೂರಿಗೆ ಕಟ್ಟಿದ ಕ್ಲ್ಯಾಂಪುಗಳ ಅಂತರ ಅಳೆಯಿರಿ. 110ರ ಪೈಪಿಗೆ 1.1 ಮೀಟರಿಗೊಂದು ಬೇಕು. ಎರಡು ಮೀಟರಿಗೊಂದು ಇದ್ದರೆ ನಡುವೆ ಪೈಪ್ ಜೋಲುಬಿದ್ದಿರುತ್ತದೆ, ಜಿಡ್ಡು ಕೂರುವುದು ಅದೇ ಹೊಟ್ಟೆಯಲ್ಲಿ. ತುಂಡು ಎಣಿಸಿ ಬರೆದಿಡಿ ಎಂದದ್ದು ಇದಕ್ಕೇ. ಮೂರು ಸಲವೂ ತಡೆ 11 ಮೀಟರಿನ ಹತ್ತಿರವೇ ಸಿಕ್ಕಿದ್ದರೆ ಏಣಿ ಹಾಕಿ ಅಲ್ಲಿಯ ಕ್ಲ್ಯಾಂಪ್ ಮೊದಲು ನೋಡಿಸಿ.