2002ರ ಕಾಶ್ಮೀರ ಎಲೆಕ್ಷನ್: ಅಷ್ಟು ಬೆದರಿಕೆ ಇದ್ರೂ ಯಾಕೆ ಮುಂದೂಡ್ಲಿಲ್ಲ?

ಹೇಮಾವತಿ_ತೀರ:
ಎಲ್ರಿಗೂ ನಮಸ್ಕಾರ. 2024ರಲ್ಲಿ ಜಮ್ಮು ಕಾಶ್ಮೀರದಲ್ಲಿ ವಿಧಾನಸಭೆ ಚುನಾವಣೆ ಆದಾಗಿಂದ ಅಲ್ಲಿನ ಹಳೇ ಎಲೆಕ್ಷನ್‌ಗಳ ಬಗ್ಗೆ ಓದ್ತಾ ಇದೀನಿ. 2002ರಲ್ಲಿ ಪ್ರತ್ಯೇಕತಾವಾದಿಗಳ ಒಕ್ಕೂಟ ಹುರಿಯತ್‌ನವರು ಬಹಿಷ್ಕಾರ ಅಂದ್ರು, ಉಗ್ರರು ಬೆದರಿಕೆ ಹಾಕಿದ್ರು, ಸೆಪ್ಟೆಂಬರ್ 11ಕ್ಕೆ ಕುಪ್ವಾರ ಜಿಲ್ಲೆಯಲ್ಲಿ ಪ್ರಚಾರ ಸಭೆಯಲ್ಲೇ ಮಂತ್ರಿ ಮುಷ್ತಾಕ್ ಅಹ್ಮದ್ ಲೋನ್ ಅವರನ್ನ ಗುಂಡು ಹಾರಿಸಿ ಕೊಂದ್ರು, ಮೊದಲ ಹಂತ ಇದ್ದಿದ್ದು 16ಕ್ಕೆ, ಆದ್ರೂ ನಿಲ್ಲಿಸ್ಲಿಲ್ಲ. ಜನರ ಜೀವ ಪಣಕ್ಕಿಟ್ಟು ಎಲೆಕ್ಷನ್ ಮಾಡೋದು ಸರಿನಾ? ಸುತ್ತ ಬಂದೂಕು ಇರುವಾಗ ಹಾಕಿದ ವೋಟಿಗೆ ಏನು ಬೆಲೆ?

ಕೊಡಚಾದ್ರಿ:
ಮೇಡಂ, 2002 ಅರ್ಥ ಆಗ್ಬೇಕಂದ್ರೆ 1987ಕ್ಕೆ ಹೋಗ್ಬೇಕು. ಆ ಎಲೆಕ್ಷನ್‌ನಲ್ಲಿ ಅಕ್ರಮ ಆಯ್ತು ಅಂತ ಕಣಿವೆ ಜನ ಇವತ್ತಿಗೂ ಹೇಳ್ತಾರೆ. ಅವತ್ತು ಅಮೀರಾ ಕದಲ್‌ನಲ್ಲಿ ಮುಸ್ಲಿಂ ಯುನೈಟೆಡ್ ಫ್ರಂಟ್‌ನಿಂದ ನಿಂತು ಸೋತ ಯೂಸುಫ್ ಶಾನೇ ಆಮೇಲೆ ಹಿಜ್ಬುಲ್ ಮುಜಾಹಿದೀನ್ ಅನ್ನೋ ಉಗ್ರ ಸಂಘಟನೆಯ ಮುಖ್ಯಸ್ಥ ಸೈಯದ್ ಸಲಾಹುದ್ದೀನ್ ಆದ, ಆ ಎಲೆಕ್ಷನ್‌ನಲ್ಲಿ ಅವನ ಪರ ಓಡಾಡಿದ್ದು ಮುಂದೆ ಪ್ರತ್ಯೇಕತಾವಾದಿ ನಾಯಕನಾದ ಯಾಸೀನ್ ಮಲಿಕ್. ಬಂಡಾಯಕ್ಕೆ ಅದೊಂದೇ ಕಾರಣ ಅಂತ ಹೇಳ್ತಿಲ್ಲ, ಆದ್ರೆ ವೋಟಿನಿಂದ ಏನೂ ಬದಲಾಗಲ್ಲ ಅನ್ನೋದು ಅಲ್ಲಿ ಗಟ್ಟಿಯಾಗಿ ಕೂತ್ಬಿಡ್ತು. 1996ರಲ್ಲಿ ನಡೆಸಿದಾಗ ಸೈನಿಕರೇ ಮನೆಯಿಂದ ಎಬ್ಬಿಸಿ ಮತಗಟ್ಟೆಗೆ ಕಳಿಸಿದ್ರು ಅನ್ನೋ ದೂರು ಬೇರೆ. ಅದಕ್ಕೇ 2002ರಲ್ಲಿ ಮುಖ್ಯ ಚುನಾವಣಾ ಆಯುಕ್ತ ಲಿಂಗ್ಡೋ ಅವರು, ಯಾರನ್ನೂ ಬಲವಂತವಾಗಿ ವೋಟಿಗೆ ಕರ್ಕೊಂಡು ಬರಬಾರದು ಅಂತ ಪಟ್ಟು ಹಿಡಿದ್ರು. ನನ್ನ ಪ್ರಕಾರ ಅಲ್ಲಿ ನಡೆದ ದೊಡ್ಡ ಕೆಲಸ ಇದೇ. ನಾಲ್ಕು ಹಂತದಲ್ಲಿ ಮುಗೀತು, ಶೇ. 43ರ ಆಸುಪಾಸು ಮತದಾನ. ಅಧಿಕಾರದಲ್ಲಿದ್ದ ನ್ಯಾಷನಲ್ ಕಾನ್ಫರೆನ್ಸ್ 28 ಸೀಟಿಗೆ ಇಳೀತು, ಗಾಂದರ್‌ಬಲ್‌ನಲ್ಲಿ ಆ ಪಕ್ಷದ ನಾಯಕ ಒಮರ್ ಅಬ್ದುಲ್ಲಾನೇ ಸೋತ್ರು. ಆಳೋರು ಸೋಲಬಹುದು ಅಂತ ಜನ ಕಣ್ಣಾರೆ ಕಂಡ್ರಲ್ಲ, ಮುಂದೂಡಿದ್ರೆ ಇದು ಆಗ್ತಿತ್ತಾ?

ಮೇಷ್ಟ್ರು_ಹಾಸನ:
ನಾನು ಪಿ.ಆರ್.ಓ. (ಮತಗಟ್ಟೆಯ ಮುಖ್ಯ ಅಧಿಕಾರಿ) ಡ್ಯೂಟಿ ಮಾಡಿದವನು. ನಮ್ಮಲ್ಲಿ ಮತಗಟ್ಟೆ ಸಾಮಾನು ಕೊಡೋ ಮಸ್ಟರಿಂಗ್ ಸೆಂಟರ್‌ನಿಂದ ಪೆಟ್ಟಿಗೆ ತಗೊಂಡು ಬಸ್ ಹತ್ತಿದ್ರೆ ಊಟ ಸಿಗುತ್ತೋ ಇಲ್ವೋ ಅನ್ನೋದಷ್ಟೇ ಚಿಂತೆ. ಆಗ ಅಲ್ಲಿ ಅದೇ ಕೆಲಸಕ್ಕೆ ಹೋಗ್ತಿದ್ದ ಮೇಷ್ಟ್ರು, ಗುಮಾಸ್ತರು ಮನೆಗೆ ವಾಪಸ್ ಬರೋದೇ ಗ್ಯಾರಂಟಿ ಇರ್ಲಿಲ್ಲ, ಅವರ ಹೆಸರು ಯಾವ ಪೇಪರಲ್ಲೂ ಬರ್ತಿರ್ಲಿಲ್ಲ. ಇನ್ನೊಂದು, ನಮ್ಮ ಮೈಸೂರಲ್ಲಿ ತಯಾರಾಗೋ ಆ ಶಾಯಿ. ಇಲ್ಲಿ ಹುಡುಗರು ಬೆರಳು ತೋರಿಸಿ ಸೆಲ್ಫಿ ಹಾಕ್ತಾರೆ. ಅಲ್ಲಿ ಆಗ ಬೆರಳಲ್ಲಿ ಗುರುತಿದ್ರೆ ಉಗ್ರರ ಭಯ, ಇಲ್ದೇ ಇದ್ರೆ ಯಾಕೆ ಹಾಕ್ಲಿಲ್ಲ ಅಂತ ಸಮವಸ್ತ್ರದವರು ಕೇಳ್ತಾರೆ ಅನ್ನೋ ಭಯ. ಎರಡೂ ಕಡೆ ಸಿಕ್ಕಿಹಾಕ್ಕೊಂಡ ಜನ ಅವರು.

ರಾಯಚೂರು_ಮಂದಿ:
ಕೊಡಚಾದ್ರಿ ಸರ, ಸರಾಸರಿ ನೋಡಿ ಖುಷಿ ಪಡಬ್ಯಾಡ್ರಿ. 2002ರಾಗೂ ಶ್ರೀನಗರ ಪಟ್ಟಣದಾಗ ಬೂತ್ ಖಾಲಿನ ಇದ್ದುವು. 2017ರ ಶ್ರೀನಗರ ಲೋಕಸಭಾ ಉಪಚುನಾವಣೆ ದಿನ ಎಂಟು ಮಂದಿ ಸತ್ರು, ಮತದಾನ ಶೇ. 7 ಅಷ್ಟ, ಅನಂತನಾಗ್‌ದ್ದು ರದ್ದನ ಮಾಡಿದ್ರು. ಹಂಗಾದ್ರ ಮುಂದೂಡೋದೂ ಕೆಲವೊಮ್ಮೆ ಬೇಕಾಗ್ತದ ಹೌದಿಲ್ರಿ?

ಕೊಡಚಾದ್ರಿ:
ಹೌದು ಸರ್, 2017 ಬಗ್ಗೆ ನಿಮ್ಮ ಮಾತು ಒಪ್ತೀನಿ, ಜನ ಬೀದಿಗಿಳಿದಾಗ ಹಠ ಮಾಡಿ ನಡೆಸಿದ್ರೆ ಹೆಣ ಬೀಳುತ್ತೆ. ಆದ್ರೆ ನನಗೆ ಜಾಸ್ತಿ ಸಂಕಟ ಆಗೋದು ಎಲೆಕ್ಷನ್ ಮುಗಿದ ಮೇಲಿನದ್ದು. 2011ರ ಪಂಚಾಯತ್ ಚುನಾವಣೆಗೆ ಹಳ್ಳಿ ಜನ ಭರ್ಜರಿಯಾಗಿ ಬಂದು ವೋಟ್ ಹಾಕಿದ್ರು. ಮತದಾನದ ದಿನ ಹೆಜ್ಜೆಗೊಬ್ಬ ಪೊಲೀಸ್, ಅದು ಮುಗಿದ್ಮೇಲೆ ಗೆದ್ದ ಸರಪಂಚ (ಪಂಚಾಯತ್ ಮುಖ್ಯಸ್ಥ) ತನ್ನ ಹಳ್ಳಿಯಲ್ಲಿ ಒಬ್ನೇ. ಮುಂದಿನ ವರ್ಷ ಕೆಲವು ಸರಪಂಚರನ್ನ ಕೊಂದ್ರು, ಉಳಿದವರಲ್ಲಿ ಎಷ್ಟೋ ಜನ ಪೇಪರ್‌ನಲ್ಲಿ ಜಾಹೀರಾತು ಕೊಟ್ಟು, ಮಸೀದಿಯಲ್ಲಿ ಹೇಳಿಸಿ ರಾಜೀನಾಮೆ ಕೊಟ್ರು. ಮೇಡಂ, ನೀವು ಅದರ ಬಗ್ಗೆನೂ ಓದಿ.