ಸಹಾಯ ಬೇಕು: ಸಿಎಂಎಲ್ ಮಾತ್ರೆ, ಕಾಲು ಸೆಳೆತ, ಮಳೆಗಾಲ

ಎಲ್ಲರಿಗೂ ನಮಸ್ಕಾರ. ನಾವು ಸೋಮವಾರಪೇಟೆ ಕಡೆಯವರು. ನಮ್ಮ ಯಜಮಾನರಿಗೆ ಸಿಎಂಎಲ್, ಅಂದರೆ ನಿಧಾನವಾಗಿ ಬೆಳೆಯುವ ಒಂದು ಬಗೆಯ ರಕ್ತದ ಕ್ಯಾನ್ಸರ್. ದಿನಾ ಇಮ್ಯಾಟಿನಿಬ್ 400 ಮಿಲಿಗ್ರಾಂ, ರಾತ್ರಿ ಊಟ ಆದ ಮೇಲೆ ದೊಡ್ಡ ಲೋಟ ನೀರಿನ ಜೊತೆ. ಖಾಲಿ ಹೊಟ್ಟೆಗೆ ನುಂಗಿದರೆ ವಾಕರಿಕೆ ಬರುತ್ತದೆ. ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿದೆ, ತೋಟಕ್ಕೂ ಹೋಗುತ್ತಾರೆ. ಹಾಗಾಗಿ 'ಅಯ್ಯೋ ಪಾಪ' ಬೇಡ, ಉಪಾಯ ಬೇಕು.

ಜಾಸ್ತಿ ಕಾಡುವುದು ಸೆಳೆತ. ಕಾಫಿ ಕೊಯ್ಲಿನ ಸಮಯದಲ್ಲಿ ದಿನವಿಡೀ ಇಳಿಜಾರು ಹತ್ತಿ ಇಳಿದು ಬಂದರೆ, ರಾತ್ರಿ ಮೀನಖಂಡ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಎದ್ದು ಕೂತು ಪಾದದ ಬೆರಳು ಹಿಡಿದು ಎಳೆದುಕೊಳ್ಳುತ್ತಾರೆ. ಬೆಳಗ್ಗೆ ಕಣ್ಣಿನ ಸುತ್ತ ಊತ ಬೇರೆ. ಎರಡೂ ಈ ಮಾತ್ರೆಯ ಅಡ್ಡ ಪರಿಣಾಮವೇ ಅಂತ ಡಾಕ್ಟರ್ ಹೇಳಿದ್ದಾರೆ. ಇದೇ ಮಾತ್ರೆ ತೆಗೆದುಕೊಳ್ಳುವವರು ಇದ್ದರೆ, ನಿಮಗೆ ಯಾವುದರಿಂದ ಕಡಿಮೆಯಾಯಿತು? ಡಾಕ್ಟರ್ ಹತ್ತಿರ ಕೇಳಿಯೇ ಮಾಡುತ್ತೇವೆ.

ಇನ್ನೊಂದು, ಮಳೆಗಾಲ. ನಮಗೆ ಒಂದು ತಿಂಗಳಿಗಾಗುವಷ್ಟೇ ಮಾತ್ರೆ ಕೊಡುತ್ತಾರೆ. ಬರೆ ಕುಸಿದು ರಸ್ತೆ ಬಂದ್ ಆದರೆ? ಇದು ಬಿಟ್ಟು ಬಿಟ್ಟು ತೆಗೆದುಕೊಳ್ಳುವ ಮಾತ್ರೆ ಅಲ್ಲ. ಜೂನ್‌ಗೆ ಮುಂಚೆ ಹೆಚ್ಚು ತಂದಿಟ್ಟುಕೊಳ್ಳಲು ನೀವು ಆಸ್ಪತ್ರೆಯಲ್ಲಿ ಹೇಗೆ ಕೇಳಿದಿರಿ? ರೋಗ ಎಷ್ಟು ಹತೋಟಿಯಲ್ಲಿದೆ ಅಂತ ನೋಡಲು ಮೂರು ತಿಂಗಳಿಗೊಮ್ಮೆ ಮಾಡಿಸುವ ಬಿಸಿಆರ್-ಎಬಿಎಲ್ ಪರೀಕ್ಷೆಗೆ ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ರಕ್ತ ತೆಗೆದು ಕಳಿಸುವ ಲ್ಯಾಬ್ ಇದೆಯಾ?

ಕಷಾಯ, ನಾಟಿ ಮದ್ದು ದಯವಿಟ್ಟು ಹೇಳಬೇಡಿ. ಕೆಲವು ಗಿಡಮೂಲಿಕೆ, ಹಣ್ಣು ಈ ಮಾತ್ರೆಗೆ ಆಗಿಬರುವುದಿಲ್ಲ. ಹಿತ್ತಲಿನ ಚಕ್ಕೋತ ಈಗ ಸುಮ್ನೆ ಪಕ್ಕದ ಮನೆ ಮಕ್ಕಳ ಪಾಲು. ಗೊತ್ತಿರುವವರು ಇಲ್ಲೇ ಬರೆಯಿರಿ, ಬೇರೆಯವರಿಗೂ ಬೇಕಾಗಬಹುದು ಅಲ್ವಾ.