ಒಂದೇ ಸೊಳ್ಳೆ, ನಾಲ್ಕು ಜ್ವರ

ದೊಡ್ಡಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಎಚ್ಚರಿಕೆ! ಬೆಂಗಳೂರಿಗೆ ಹೊಸ ಬಗೆಯ ಸೊಳ್ಳೆ ಬಂದಿದ್ದು, ಅದು ಒಮ್ಮೆ ಕಚ್ಚಿದರೆ ಡೆಂಗಿ, ಚಿಕೂನ್‌ಗುನ್ಯಾ, ಮಲೇರಿಯಾ, ಟೈಫಾಯಿಡ್ ನಾಲ್ಕೂ ಒಟ್ಟಿಗೇ ಅಂಟುತ್ತವೆ. ಎಲ್ಲರಿಗೂ ಕಳುಹಿಸಿ.

ಜಯಾ ಚಿಕ್ಕಮ್ಮ: ನಮ್ಮ ಮಂಜುವಿಗೆ ಡೆಂಗಿಯೂ ಟೈಫಾಯಿಡೂ ಒಟ್ಟಿಗೇ ಬಂದಿವೆ ಎಂದಾಗ ಈ ಗುಂಪಿನಲ್ಲಿ ಒಬ್ಬರೂ ನಂಬಲಿಲ್ಲ.

ವಿನಯಾ: ದೊಡ್ಡಪ್ಪ, ಇದರ ಮೂಲ ಯಾವುದು? ಡೆಂಗಿ, ಚಿಕೂನ್‌ಗುನ್ಯಾ ಎರಡನ್ನೂ ಹರಡುವುದು ಈಡಿಸ್ ಸೊಳ್ಳೆ. ಒಂದೇ ಸೊಳ್ಳೆಯೊಳಗೆ ಎರಡೂ ವೈರಸ್ ಇರಬಲ್ಲವಾದ್ದರಿಂದ ಅಷ್ಟರ ಮಟ್ಟಿಗೆ ಮಾತು ನಿಜ. ಆದರೆ ಮಲೇರಿಯಾ ಹರಡುವುದು ಅನಾಫಿಲಿಸ್. ಟೈಫಾಯಿಡ್ ಬರುವುದು ಕಲುಷಿತ ನೀರು, ಆಹಾರದಿಂದ.

ದೊಡ್ಡಪ್ಪ: ಮೂಲ ಕೇಳುವುದು ನಿನ್ನ ಹಳೆಯ ಚಾಳಿ. ಕಳುಹಿಸಿದವರು ನಿವೃತ್ತ ಎಂಜಿನಿಯರು. ಬೀದಿಬದಿಯ ಪಾನಿಪುರಿ ತಿನ್ನುವ ಮಕ್ಕಳಿಗೆ ನಾಲ್ಕಲ್ಲ, ನಲವತ್ತು ರೋಗ ಬಂದರೂ ಆಶ್ಚರ್ಯವಿಲ್ಲ.

ವಿನಯಾ: ಪಾನಿಪುರಿಯಿಂದ ಟೈಫಾಯಿಡ್ ಬರಬಹುದು, ಒಪ್ಪಿದೆ, ಅಲ್ಲಿಗೆ ನಿಮ್ಮ ಸೊಳ್ಳೆ ನಿರಪರಾಧಿಯಾಯಿತು.

ಸತೀಶಣ್ಣ: ಮಲ್ಲೇಶ್ವರದ ಮನೆಯಲ್ಲಿ ನಮಗೆಲ್ಲ ಜ್ವರ ಬಂದಾಗ ಅಜ್ಜಿ ನಡುಮನೆಯಲ್ಲಿ ಸಾಲಾಗಿ ಮಲಗಿಸಿ, ಒಂದೇ ಲೋಟದಲ್ಲಿ ಎಲ್ಲರಿಗೂ ಅಮೃತಬಳ್ಳಿ ಕಷಾಯ ಕುಡಿಸುತ್ತಿದ್ದರು. ಆಗ ಜ್ವರಕ್ಕೆ ಹೆಸರೇ ಇರಲಿಲ್ಲ.

ಜಯಾ ಚಿಕ್ಕಮ್ಮ: ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿದ 2024ರಲ್ಲೇ ಮಂಜು ಮಲಗಿದ್ದು. ಡೆಂಗಿಯ ಎನ್‌ಎಸ್‌1 ಪರೀಕ್ಷೆ ಪಾಸಿಟಿವ್, ಟೈಫಾಯಿಡಿನ ವೈಡಾಲ್ ಪರೀಕ್ಷೆ ಪಾಸಿಟಿವ್ ಎಂದು ರಿಪೋರ್ಟಿನಲ್ಲೇ ಇತ್ತು. ಅದಕ್ಕೇನು ಹೇಳುತ್ತೀ, ವಿನಯಾ?

ವಿನಯಾ: ಚಿಕ್ಕಮ್ಮ, ಎರಡೂ ಒಟ್ಟಿಗೆ ಬರುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ, ಮಳೆಗಾಲದಲ್ಲಿ ಸೊಳ್ಳೆಯೂ ಕೊಳಕು ನೀರೂ ಒಟ್ಟಿಗೇ ಹೆಚ್ಚುತ್ತವೆ. ಆದರೆ ವೈಡಾಲ್ ಹುಡುಕುವುದು ರೋಗಾಣುವನ್ನಲ್ಲ, ರಕ್ತದಲ್ಲಿರುವ ಪ್ರತಿಕಾಯಗಳನ್ನು. ಹಿಂದೆಂದೋ ಟೈಫಾಯಿಡ್ ಬಂದಿದ್ದರೂ, ಲಸಿಕೆ ಹಾಕಿಸಿದ್ದರೂ, ಕೆಲವೊಮ್ಮೆ ಇರುವುದು ಬೇರೆಯೇ ಜ್ವರವಾಗಿದ್ದರೂ ಅದು ಪಾಸಿಟಿವ್ ತೋರಿಸಬಹುದು. ಖಚಿತವಾಗಬೇಕಾದರೆ ಆಂಟಿಬಯೋಟಿಕ್ ಕೊಡುವ ಮುನ್ನವೇ ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿರುವ ರೋಗಾಣುವನ್ನೇ ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಬೇಕಿತ್ತು.

ಸುಧಾ ಅತ್ತೆ: ಅಂದರೆ, ನಮ್ಮ ಗೃಹಪ್ರವೇಶಕ್ಕೆ ಬಾರದಿರಲು ಹೇಳಿದ ಎರಡು ಜ್ವರಗಳಲ್ಲಿ ಒಂದು ಇರಲೇ ಇಲ್ಲವೆಂದಾಯಿತು.

ಮಂಜು: ಅತ್ತೆ, ಪ್ಲೇಟ್‌ಲೆಟ್ 22 ಸಾವಿರಕ್ಕಿಳಿದು ಡ್ರಿಪ್ ಹಾಕಿಸಿಕೊಂಡು ಮಲಗಿದ್ದವನಿಗೆ ಡೆಂಗಿ ಒಂದೇ ಸಾಲದೇ?

ಸುಧಾ ಅತ್ತೆ: ನಿನ್ನ ಮಾತಲ್ಲಪ್ಪ. ನಿನ್ನ ಅಮ್ಮ ಒಂದು ಗಳಿಗೆ ಬಂದು ಹೋಗಬಹುದಿತ್ತು.

ಜಯಾ ಚಿಕ್ಕಮ್ಮ: ಬ್ಲಡ್ ಕಲ್ಚರ್ ವಿಷಯವನ್ನು ಅಂದು ಯಾರಾದರೂ ಆಸ್ಪತ್ರೆಗೆ ಬಂದು ಹೇಳಿದ್ದರೆ ಮಾಡಿಸುತ್ತಿದ್ದೆ. ಈ ಗುಂಪಿನಿಂದ ನನಗೆ ಬಂದದ್ದು ಪಪ್ಪಾಯಿ ಎಲೆಯ ರಸದ ವಿಡಿಯೊ ಮಾತ್ರ.

ದೊಡ್ಡಪ್ಪ: ಅದನ್ನು ಕಳುಹಿಸಿದ್ದು ನಾನೇ. ಮಂಜು ಗುಣವಾದ ಮೇಲೂ ಅದರ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ.